ಚುಕ್ಕಿ ಹಬ್ಬದಿಂದ ಯೆಲ್ದೋವರೆಗೆ

ನಿನ್ನೆ ಅಟ್ಟದ ಮೇಲಿದ್ದ ದೊಡ್ಡ ಇಡ್ಲಿ ಪಾತ್ರೆ ತೆಗೆಯಲು ಹೋಗಿ ಒಂದು ಕಾಗದದ ನಕ್ಷತ್ರವನ್ನು ತಲೆಯ ಮೇಲೆ ಕೆಡವಿಕೊಂಡೆ. ಏಟೇನೂ ಆಗಲಿಲ್ಲ. ಧೂಳು ಮಾತ್ರ ಮೂಗಿಗೆ ಹೋಗಿ, ಕುರ್ಚಿಯ ಮೇಲೆ ನಿಂತೇ ಸೀನಿದ್ದೂ ಸೀನಿದ್ದೇ. ಕೆಂಪು ಬಣ್ಣದ್ದು, ಒಳಗೊಂದು ಬಲ್ಬು ಬಿಟ್ಟು ತೂಗುಹಾಕುವಂಥದ್ದು. ಹೋದ ಡಿಸೆಂಬರಿನಲ್ಲಿ ವಿಜಯನಗರದ ಮಾರ್ಕೆಟ್ಟಿನಲ್ಲಿ ಕೊಂಡದ್ದು. "ಇದು ದೀಪಾವಳೀದಾ, ಕ್ರಿಸ್ಮಸ್‌ದಾ?" ಎಂದು ಅಂಗಡಿಯವನನ್ನು ಕೇಳಿದ್ದೆ. "ನೀವು ಯಾವ ಹಬ್ಬಕ್ಕೆ ತಗೊಂಡ್ರೆ ಆ ಹಬ್ಬದ್ದು ಆಂಟಿ. ಎರಡಕ್ಕೂ ಒಂದೇ ವೈರು," ಎಂದಿದ್ದ. ಸರ್ವಧರ್ಮ ಸಮನ್ವಯದ ಬಗ್ಗೆ ಇಷ್ಟು ಚಿಕ್ಕ ಭಾಷಣವನ್ನು ನಾನು ಯಾವ ವೇದಿಕೆಯಲ್ಲೂ ಕೇಳಿಲ್ಲ.

ದಿನಾ ವಿಭೂತಿ ಹಚ್ಚುವ ಲಿಂಗಾಯತರ ಮನೆಯ ಅಟ್ಟಕ್ಕೆ ಈ ನಕ್ಷತ್ರ ಹೇಗೆ ಬಂತು ಎಂದು ನೀವು ಕೇಳಿಯೇ ಕೇಳುತ್ತೀರಿ. ಹೇಳುತ್ತೇನೆ, ಹೇಳದಿದ್ದರೆ ನನಗೂ ತಡೆಯದು. ಆದರೆ ಮೊದಲು ಹೆಸರಿನ ವಿಷಯ ಮುಗಿಸಿಬಿಡಬೇಕು. ಆ ಹಬ್ಬದ ಹೆಸರುಗಳೆಲ್ಲ ನನಗೆ ಗೊತ್ತು ಎಂಬ ಜಂಬವೊಂದು ನನಗಿತ್ತಲ್ಲ, ಎಲ್ಲ ಅವಾಂತರವೂ ಶುರುವಾದದ್ದು ಅಲ್ಲಿಂದಲೇ.

ನಾನು ಬೆಳೆದದ್ದು ಬಾಪೂಜಿ ನಗರದ ಒಂದು ವಠಾರದಲ್ಲಿ. ದಾವಣಗೆರೆ ಕಡೆಯಿಂದ ನೌಕರಿಗೆಂದು ಬಂದ ಅಪ್ಪ, ಅವನ ಹಿಂದೆ ಅಮ್ಮ, ಅಜ್ಜಿ ಮತ್ತು ಅಜ್ಜಿಯ ರೊಟ್ಟಿ ಹಂಚು. ವಠಾರಕ್ಕೆಲ್ಲ ಒಂದೇ ನಲ್ಲಿ. ಡಿಸೆಂಬರ್ ಕೊನೆಯ ಹಬ್ಬಕ್ಕೆ ಎಷ್ಟು ಹೆಸರುಗಳಿವೆ ಎಂದು ನಾನು ಕಲಿತದ್ದು ಆ ನಲ್ಲಿಯ ಸಾಲಿನಲ್ಲಿ, ಬಿಂದಿಗೆ ಇಟ್ಟುಕೊಂಡು ನಿಂತಾಗ. ಕೊನೆಯ ಮನೆಯ ಸ್ಟೆಲ್ಲಾ ಆಂಟಿ ಮಂಗಳೂರಿನವರು, ಬಟ್ಟೆ ಹೊಲಿಯುತ್ತಿದ್ದರು. ಅವರ ಕೊಂಕಣಿಯಲ್ಲಿ ಅದು ನತಾಲಾಂ. "ನತಾಲಾಂ ಮುಗೀಲಿ, ಆಮೇಲೆ ನಿನ್ನ ಲಂಗ ಹೊಲಿದು ಕೊಡ್ತೀನಿ," ಎಂದು ನನ್ನನ್ನು ಓಡಿಸುತ್ತಿದ್ದರು. ಪಕ್ಕದ ಮನೆಯ ಮೆಹಬೂಬ್‌ಬಿ ಬಾಯಲ್ಲಿ ಅದೇ ಹಬ್ಬ ಬಡಾ ದಿನ್. ದೊಡ್ಡ ದಿನ ಎಂದರೆ ಆ ದಿನ ಸಾಯಂಕಾಲ ತಡವಾಗಿ ಆಗುತ್ತದೆ, ಆಟಕ್ಕೆ ಹೆಚ್ಚು ಹೊತ್ತು ಸಿಗುತ್ತದೆ ಎಂದು ತಿಳಿದು, ಕತ್ತಲಾದ ಮೇಲೂ ಬೀದಿಯಲ್ಲೇ ಇದ್ದು ಅಮ್ಮನಿಂದ ಬೆನ್ನಿಗೆ ಒಂದು ಗುದ್ದು ತಿಂದಿದ್ದೇನೆ.

ಅಜ್ಜಿಗೆ ನತಾಲಾಂ ನಾಲಗೆಗೆ ಹೊರಳುತ್ತಿರಲಿಲ್ಲ. ಬಡಾ ದಿನ್ ಎಂದರೆ ಸಿಟ್ಟು. "ಅವ್ರ ದಿನ ದೊಡ್ಡದಾದ್ರೆ ನಮ್ ಉಗಾದಿ ಏನು ಗಿಡ್ಡ ಐತೇನು?" ಎನ್ನುತ್ತಿದ್ದಳು. ಕೊನೆಗೆ ತಾನೇ ಒಂದು ಹೆಸರು ಕಟ್ಟಿದಳು. ಸ್ಟೆಲ್ಲಾ ಆಂಟಿಯ ಬಾಗಿಲಲ್ಲಿ ಬಿದಿರುಕಡ್ಡಿಗೆ ಬಣ್ಣದ ಕಾಗದ ಅಂಟಿಸಿದ ನಕ್ಷತ್ರ ತೂಗುತ್ತಿತ್ತಲ್ಲ, ಅದನ್ನು ನೋಡಿ ಚುಕ್ಕಿ ಹಬ್ಬ ಎಂದುಬಿಟ್ಟಳು. "ಆಕಿ ಚುಕ್ಕಿ ಹಬ್ಬ ಯಾವತ್ತು, ಕೇಳ್ಕೆಂಡು ಬಾರೆ," ಎಂದು ನನ್ನನ್ನು ಅಟ್ಟುತ್ತಿದ್ದಳು. ನಮ್ಮ ಕಡೆ ನಾಗರ ಪಂಚಮಿಯ ಮುಂಚಿನ ದಿನ ರೊಟ್ಟಿ ಹಬ್ಬ ಆಗುವಾಗ, ಇದು ಚುಕ್ಕಿ ಹಬ್ಬ ಆದರೆ ತಪ್ಪೇನು? ವಠಾರದ ಹುಡುಗರೆಲ್ಲ ಅದೇ ಹೆಸರನ್ನು ಹಿಡಿದುಕೊಂಡೆವು. ಸ್ಟೆಲ್ಲಾ ಆಂಟಿಯೂ ಕೆಲವು ಸಲ ಮರೆತು ಹಾಗೇ ಕರೆದದ್ದುಂಟು.

ಹಬ್ಬದ ದಿನ ಆಂಟಿ ಒಂದು ತಟ್ಟೆ ತುಂಬ ತಿಂಡಿ ಕಳಿಸುತ್ತಿದ್ದರು. ಅವರು ನೆವ್ರಿ ಎನ್ನುತ್ತಿದ್ದದ್ದು ನೋಡಲು ನಮ್ಮ ಕರ್ಜಿಕಾಯಿಯೇ, ಒಳಗಿನ ಹೂರಣ ಮಾತ್ರ ಸ್ವಲ್ಪ ಬೇರೆ. ಅಜ್ಜಿ ತಟ್ಟೆಯನ್ನು ಹೊಸ್ತಿಲ ಹೊರಗೇ ಇಟ್ಟು, ಅಲ್ಲಿಂದಲೇ ನಮ್ಮ ಅಂಗೈಗೆ ಸುರಿಯುತ್ತಿದ್ದಳು. "ರುಚಿ ಐತೇನವ್ವ?" ಎಂದು ಆಸೆಯಿಂದ ಕೇಳುತ್ತಿದ್ದಳು. ತಾನು ಮಾತ್ರ ತಿನ್ನುತ್ತಿರಲಿಲ್ಲ. ಬರೀ ತಟ್ಟೆ ಕಳಿಸಬಾರದೆಂದು ಒಂದು ಹಿಡಿ ಸಕ್ಕರೆ ಹಾಕಿ ವಾಪಸು ಕೊಡುತ್ತಿದ್ದಳು. ತಿಂಡಿಯ ಗಡಿಬಿಡಿಯಲ್ಲಿ ನಾನು ಇದನ್ನೆಲ್ಲ ನೋಡಿದರೂ ನೋಡಿದವಳಲ್ಲ.

ದೊಡ್ಡವಳಾದ ಮೇಲೆ ದೂರವಾಣಿ ಕಚೇರಿಯಲ್ಲಿ ಆಪರೇಟರ್ ಆದೆ. ಊರಿಂದೂರಿಗೆ ಮಾತಾಡಬೇಕಾದರೆ ನಮ್ಮಂಥವರು ಲೈನು ಜೋಡಿಸಬೇಕಿದ್ದ ಕಾಲ ಅದು. ಬೇರೆಯವರ ಮಾತು ಕೇಳಬಾರದು ಎಂಬುದು ನಿಯಮ. ಲೈನು ಸರಿಯಾಗಿ ಸಿಕ್ಕಿತೇ ಎಂದು ಒಂದೆರಡು ಕ್ಷಣ ಕೇಳಿಸಿಕೊಳ್ಳಲೇಬೇಕು ಎಂಬುದು ಅನುಕೂಲ. ನನ್ನ ಒಂದೆರಡು ಕ್ಷಣಗಳು ಕೊಂಚ ಉದ್ದವಾಗಿದ್ದವು ಎಂದು ಬೇರೆ ಹೇಳಬೇಕಾಗಿಲ್ಲ. ಡಿಸೆಂಬರ್ ಕೊನೆಯ ವಾರ ಬಂತೆಂದರೆ ನನಗೆ ಹಬ್ಬವೋ ಹಬ್ಬ! ಬೆಳಗಾವಿ ಕಡೆಯ ಮರಾಠಿಯವರು ನಾತಾಳ್ ಎನ್ನುತ್ತಿದ್ದರು. ಮದರಾಸಿನ ತಾಯಂದಿರು ಕಿರಿಸ್ಮಸ್ ಎಂದು 'ಕಿ' ಮೇಲೆ ಕೂತು 'ಸ್' ಮೇಲೆ ಇಳಿಯುತ್ತಿದ್ದರು. ಕಲ್ಕತ್ತೆಯವರೊಬ್ಬರು ಬೊಡೋದಿನ್ ಎಂದಾಗ, ಅರೆ, ಇದು ನಮ್ಮ ಮೆಹಬೂಬ್‌ಬಿಯ ದೊಡ್ಡ ದಿನವೇ ಅಲ್ಲವೇ ಎಂದು ನಾನು ಹೆಡ್‌ಫೋನಿನ ಒಳಗೇ ಕುಣಿದಿದ್ದೆ. ಕನ್ನಡ ಚರ್ಚಿನ ಪಾದ್ರಿಯೊಬ್ಬರು ಮಾತ್ರ ಗಂಭೀರವಾಗಿ "ಕ್ರಿಸ್ತ ಜಯಂತಿಯ ಶುಭಾಶಯಗಳು" ಎಂದಿದ್ದರು. ಕೇಳಿದ ತಕ್ಷಣ ನಾನು ಸೀಟಿನಲ್ಲೇ ನೆಟ್ಟಗೆ ಕೂತಿದ್ದೆ.

ಈಗ ನಮ್ಮ ಮಗಳ ವಿಷಯ. ನಂದಿತಾ ಒಂದು ಭಾನುವಾರ ನಮ್ಮಿಬ್ಬರನ್ನೂ ಸೋಫಾದ ಮೇಲೆ ಕೂರಿಸಿ, ಟೀವಿ ಆರಿಸಿ, ತಾನು ಜೋಬಿನ್ ಎಂಬ ಹುಡುಗನನ್ನು ಮದುವೆಯಾಗುವುದಾಗಿ ಹೇಳಿದಳು. ಕೆಂಗೇರಿಯಲ್ಲೇ ಹುಟ್ಟಿ ಬೆಳೆದ ಮಲಯಾಳಿ ಕ್ರಿಶ್ಚಿಯನ್ ಹುಡುಗ. ತಂದೆ ಇಲ್ಲ. ತಾಯಿ ಏಲಿಯಮ್ಮ ನರ್ಸ್ ಆಗಿದ್ದು ಒಬ್ಬರೇ ಸಾಕಿದ್ದಾರೆ. ಇಂಥ ಹೊತ್ತಿನಲ್ಲಿ ತಾಯಿಯಾದವಳು ಅಳಬೇಕು, ಇಲ್ಲವೇ ನಗಬೇಕು. ನನ್ನ ಬಾಯಿಂದ ಬಂದದ್ದು, "ಅವರ ಮನೇಲಿ ಕ್ರಿಸ್ಮಸ್‌ಗೆ ಏನಂತಾರೆ ಕಣೇ?"

"ಅಮ್ಮಾ, ನಾನು ಮದುವೆ ವಿಷಯ ಮಾತಾಡ್ತಾ ಇದೀನಿ!" ಎಂದಳು ನಂದಿತಾ.

ನಮ್ಮ ಮನೆಯವರು ಆರಿಸಿದ ಟೀವಿಯನ್ನೇ ನೋಡುತ್ತ ಕೂತರು. ಇವರ ಬಗ್ಗೆ ನಿಮಗೆ ಒಂದು ಮಾತು ಹೇಳಬೇಕು. ಮಿತಭಾಷಿ, ಒಳ್ಳೆಯವರು, ಆದರೆ ಊಟದ ವಿಷಯದಲ್ಲಿ ಕಲ್ಲು. ಹೊರಗೆ ಹೋದರೆ ನಮ್ಮವರ ಖಾನಾವಳಿ ಬಿಟ್ಟು ಬೇರೆ ಕಡೆ ಒಂದು ತುತ್ತೂ ಮುಟ್ಟುವವರಲ್ಲ. ಮೊಟ್ಟೆ ಬೆಂದ ಪಾತ್ರೆ ಎಂದು ಅನುಮಾನ ಬಂದರೂ ಸಾಕು, 'ಹೊಟ್ಟೆ ಸರಿ ಇಲ್ಲ' ಎಂದು ಎದ್ದುಬಿಡುತ್ತಾರೆ. ಇವರ ಹೊಟ್ಟೆ ಸರಿ ಇಲ್ಲದ ಮನೆಗಳು ಬೆಂಗಳೂರಿನಲ್ಲಿ ಬಹಳ ಇವೆ. ಒಂದು ವಾರ ಯೋಚಿಸಿ, ಕೊನೆಗೆ ಮಗಳನ್ನು ಕೇಳಿದ್ದು ಒಂದೇ ಪ್ರಶ್ನೆ: "ಹುಡುಗ ನಿನ್ನ ಮಾತಿಗೆ ಬೆಲೆ ಕೊಡ್ತಾನಾ?" ಕೊಡ್ತಾನೆ ಎಂದಳು. ಆಯಿತು ಎಂದರು.

ರಿಜಿಸ್ಟರ್ ಮದುವೆ ಆಯಿತು. ಏಲಿಯಮ್ಮ ಬಂದರು, ಸಹಿ ಮಾಡಿದರು, ಮಗ ಸೊಸೆಯ ತಲೆ ಮುಟ್ಟಿದರು, ಹೊರಟರು. ಸೊಸೆಯ ಮೇಲೆ ಅವರಿಗೆ ಪ್ರೀತಿಯೇ. ಬೇರೆ ಮನೆ ಮಾಡಿದ್ದ ಅವರಿಬ್ಬರನ್ನೂ ಮೀನಿಲ್ಲದ ದಿನ ನೋಡಿ ಕರೆಯುತ್ತಿದ್ದರು, ಅವಳಿಗಾಗಿ ಬಾಳೆಕಾಯಿ ಚಿಪ್ಸ್ ಕರಿದು ಕಳಿಸುತ್ತಿದ್ದರು. ಆದರೆ ನಮ್ಮ ಮನೆಗೆ ಕರೆದಾಗಲೆಲ್ಲ "ಆಮೇಲೆ ನೋಡೋಣ". ವಿಜಯನಗರಕ್ಕೂ ಕೆಂಗೇರಿಗೂ ಒಂದೇ ಮೆಟ್ರೋ, ಮಧ್ಯೆ ಇಳಿದು ಹತ್ತುವ ತಾಪತ್ರಯವೂ ಇಲ್ಲ, ಆದರೂ ವರ್ಷವಾಗುತ್ತ ಬಂದರೂ ಬೀಗಿತ್ತಿ ನಮ್ಮ ಹೊಸ್ತಿಲು ದಾಟಲಿಲ್ಲ. ಮದುವೆಯಾದ ಮೇಲೆ ಎರಡೂ ಮನೆಯವರು ಕೂತು ಉಣ್ಣುವ ಬೀಗರೂಟ ಆಗದೆ ನಮ್ಮಲ್ಲಿ ಯಾವ ಮದುವೆಯೂ ಪೂರ್ತಿ ಆದಂತಲ್ಲ. ನನಗೆ ಒಳಗೊಳಗೇ ಸಂಕಟ.

ಒಂದು ದಿನ ನಂದಿತಾಳನ್ನು ಹಿಡಿದು ಕೂರಿಸಿ ಕೇಳಿದೆ. ಮೊದಲು ಜಾರಿಸಿದಳು, ಆಮೇಲೆ ಹೇಳಿದಳು. "ಅವರಿಗೆ ಭಯ ಅಮ್ಮ. ನಿಮ್ಮನೇಲಿ ತಮ್ಮನ್ನ ಹೊರಗಿನವರ ಥರ ಇಡ್ತಾರೆ ಅಂತ. ಬೈಯಲ್ಲ, ಏನೂ ಅನ್ನಲ್ಲ, ಆದ್ರೆ ದೂರ ಇಡ್ತಾರೆ ಅಂತಾರೆ. ಅದನ್ನ ಈ ವಯಸ್ಸಲ್ಲಿ ಮತ್ತೆ ನೋಡೋ ಶಕ್ತಿ ಇಲ್ಲವಂತೆ."

ಪೇಪರ್ ಓದುತ್ತಿದ್ದ ಇವರು ಪೇಪರ್ ಮಡಿಸಿಟ್ಟರು. "ಕರೀರಿ ಅವರನ್ನ. ಅವರ ಹಬ್ಬದ ತಿಂಗಳೇ ಕರೀರಿ. ಬೀಗರೂಟ ಮಾಡೋಣ," ಎಂದರು. ಆ ದನಿಯನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ಅಲ್ಲಿಂದ ನಮ್ಮ ಮನೆಯಲ್ಲಿ ಸಂಪುಟ ಸಭೆಗಳು. ನಾನು ಹೋಳಿಗೆ ಎಂದೆ. ಇವರು ತಲೆಯಾಡಿಸಿದರು. "ಕ್ರಿಸ್ಮಸ್ ತಿಂಗಳಲ್ಲಿ ಬೀಗರನ್ನ ಕರೆದು ಬರೀ ಬೇಳೆ ಹಾಕಿ ಕಳಿಸಿದ್ರು ಅಂತ ಆಗ್ಬಾರ್ದು. ಅವರು ಏನು ತಿಂತಾರೋ ಅದನ್ನೇ ಕೊಡ್ಬೇಕು." ನಾನು ಕಣ್ಣರಳಿಸಿದೆ. ಅವರು ತಿನ್ನುವುದೆಂದರೆ? "ಬಿರಿಯಾನಿ," ಎಂದರು ಇವರು, ಆ ಪದವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದವರ ಹಾಗೆ. ಆದರೆ ದೇವರ ಮನೆ ಅಡುಗೆಮನೆಯ ಪಕ್ಕದಲ್ಲೇ ಇದೆಯಲ್ಲ? ನಾಲ್ಕನೆಯ ಸಭೆಯಲ್ಲಿ ದಾರಿ ಸಿಕ್ಕಿತು. ಮಹಡಿ! ಟೆರೇಸಿನಲ್ಲಿ ಪೆಂಡಾಲ್, ಬಾಡಿಗೆ ಟೇಬಲ್ಲು, ಕಾಗದದ ತಟ್ಟೆ, ನೀರಿನ ಕ್ಯಾನು. ಊಟವೂ ಆಯಿತು, ಮಡಿಯೂ ಉಳಿಯಿತು. ನಮ್ಮ ಜಾಣತನಕ್ಕೆ ನಾವೇ ಬೆನ್ನು ತಟ್ಟಿಕೊಂಡೆವು. ಮಕ್ಕಳಿಗೆ ಹೇಳಲಿಲ್ಲ. "ಅಡುಗೆ ಚಿಂತೆ ನಂದು, ನೀವು ಅವರನ್ನ ಕರ್ಕೊಂಡು ಬಂದ್ರೆ ಸಾಕು," ಎಂದಷ್ಟೇ ಹೇಳಿದೆ. ಲಿಂಗಾಯತರ ಮನೆಯಲ್ಲಿ ಏನು ಊಟ ಎಂದು ಕೇಳುವ ಅಗತ್ಯ ಅವರಿಗೂ ಕಾಣಲಿಲ್ಲ.

ಕ್ರಿಸ್ಮಸ್‌ಗೆ ಮುಂಚಿನ ಭಾನುವಾರ ಗೊತ್ತಾಯಿತು. ಏಲಿಯಮ್ಮ ಬರುತ್ತೇನೆ ಎಂದರು! ನಾನು ಮೊಬೈಲಿನಲ್ಲಿ ಮಲಯಾಳಂ ಶುಭಾಶಯ ಹುಡುಕಿ, 'ಕ್ರಿಸ್ಮಸ್ ಆಶಂಸಗಳ್' ಎಂದು ಒಗ್ಗರಣೆ ಹಾಕುತ್ತ, ಬಟ್ಟೆ ಹರವುತ್ತ ಬಾಯಿಪಾಠ ಮಾಡಿದೆ. ನಕ್ಷತ್ರ ತಂದು ಪೆಂಡಾಲಿನ ಕಂಬಕ್ಕೆ ಕಟ್ಟಿದೆ. ಮದುವೆಯಲ್ಲಿ ಆಗದಿದ್ದ ಸಂಭ್ರಮವೆಲ್ಲ ಆ ವಾರ ನನ್ನ ಕಾಲಿಗೆ ಬಂದು, ಕೂತಲ್ಲಿ ಕೂರಲಾಗದೆ ಒದ್ದಾಡಿದೆ.

ಬಿರಿಯಾನಿ ತರುವ ಕೆಲಸ ಇವರದು. ವಿಜಯನಗರದ ಹಿಂದಿನ ರಸ್ತೆಯ ಮಿಲಿಟರಿ ಹೋಟೆಲ್ಲಿನ ಮುಂದೆ ಭಾನುವಾರ ಬೆಳಿಗ್ಗೆ ಸಾಲು ಹೇಗಿರುತ್ತದೆ ಎಂದು ನಿಮಗೆ ಗೊತ್ತಿರಬಹುದು. ಇವರಿಗೆ ಗೊತ್ತಿರಲಿಲ್ಲ. ಸ್ಕೂಟರ್ ದೂರ ನಿಲ್ಲಿಸಿ, ಹೆಲ್ಮೆಟ್ ತೆಗೆಯದೆ, ಗಾಜನ್ನೂ ಮೇಲೆತ್ತದೆ ಸಾಲಿನಲ್ಲಿ ನಿಂತರಂತೆ. ಮುಂದೆ ನಿಂತಿದ್ದವರು ಮುಖಕ್ಕೆ ಮಾಸ್ಕ್ ಹಾಕಿ, ತಲೆಗೆ ಟವೆಲ್ ಸುತ್ತಿಕೊಂಡಿದ್ದರಂತೆ. ಅವರು ತಿರುಗಿದಾಗ ನೋಡಿದರೆ ನಮ್ಮ ಬೀದಿಯವರೇ ಆದ ಪಂಚಾಕ್ಷರಯ್ಯ, ಬಸವ ಜಯಂತಿ ಮೆರವಣಿಗೆಗೆ ಪ್ರತಿವರ್ಷ ಮುಂದೆ ನಿಲ್ಲುವವರು! ಕೈಯಲ್ಲಿದ್ದ ಸ್ಕೂಟರ್ ಕೀಲಿಯ ಗೊಂಚಲಿನ ಲಿಂಗ ನೋಡಿ ಅವರು ಇವರನ್ನು ಗುರುತು ಹಿಡಿದೇಬಿಟ್ಟರಂತೆ.

"ನಮ್ಮನೆ ನಾಯಿಗೆ ಸಾರ್," ಎಂದರಂತೆ ಪಂಚಾಕ್ಷರಯ್ಯ.

"ನಮ್ಮ ಬೀಗರಿಗೆ," ಎಂದರಂತೆ ಇವರು.

ಪಂಚಾಕ್ಷರಯ್ಯನವರ ಮನೆಯಲ್ಲಿ ನಾಯಿ ಇಲ್ಲ. ಇವರು ಮನೆಗೆ ಬಂದು ಇದನ್ನು ಹೇಳುವಾಗ ನಾನು ನಕ್ಕು ನಕ್ಕು ಗೋಡೆ ಹಿಡಿದುಕೊಂಡೆ. ಇವರು ಮಾತ್ರ ಪಾತ್ರೆಯನ್ನು ಹೊರಗಿನ ಮೆಟ್ಟಿಲಿನಿಂದ ನೇರ ಮಹಡಿಗೆ ಸಾಗಿಸಿ, ಕೆಳಗಿಳಿದು ತಲೆಗೆ ಸ್ನಾನ ಮಾಡಿದರು.

ಅವರು ಬಂದರು. ಮುಂದೆ ಜೋಬಿನ್, ಹಿಂದೆ ನಂದಿತಾ, ನಡುವೆ ಕೆನೆ ಬಣ್ಣದ ಸೀರೆಯಲ್ಲಿ ಏಲಿಯಮ್ಮ, ಕೊಡೆಯನ್ನು ಕೋಲಿನಂತೆ ಊರಿಕೊಂಡು. ನಾನು ಗೇಟಿಗೇ ಓಡಿದೆ. ಎರಡೂ ಕೈ ಮುಗಿದು, ಒಂದೇ ಉಸಿರಿಗೆ "ಕ್ರಿಸ್ಮಸ್ ಆಶಂಸಗಳ್!" ಎಂದೆ.

ಅವರು ನನ್ನನ್ನು ನೋಡಿದರು. "ಕ್ರಿಸ್ಮಸ್ ಇನ್ನೂ ಬಂದಿಲ್ಲ ಮೇಡಂ. ನಾವು ಅದಕ್ಕೆ ಯೆಲ್ದೋ ಪೆರುನ್ನಾಳ್ ಅಂತೀವಿ," ಎಂದರು. ಅಷ್ಟು ವರ್ಷ ಕೆಂಗೇರಿಯಲ್ಲಿದ್ದವರ ಕನ್ನಡ ಸರಾಗವಾಗಿತ್ತು. ಪದದ ಕೊನೆಯಲ್ಲಿ ಸ್ವಲ್ಪ ಮಲಯಾಳದ ಎಳೆತ ಇತ್ತು.

ಯೆಲ್ದೋ! ಹೊಸ ಹೆಸರು! ಅಷ್ಟು ವರ್ಷ ಲೈನು ಜೋಡಿಸಿದರೂ ಕಿವಿಗೆ ಬೀಳದ ಹೆಸರು ನನ್ನ ಗೇಟಿನಲ್ಲೇ ನಿಂತಿದೆ! "ಯೆಲ್ದೋ ಅಂದ್ರೇನು ಬೀಗರೇ?" ಎಂದೆ, ಒಳಗೆ ಕರೆಯುವುದನ್ನೂ ಮರೆತು.

"ಹುಟ್ಟು ಅಂತ. ಪೆರುನ್ನಾಳ್ ಅಂದ್ರೆ ಹಬ್ಬ. ಸುರಿಯಾನಿ ಭಾಷೆ. ನಮ್ಮ ಚರ್ಚಿನ ಹಳೇ ಮಾತು. ನಮ್ಮಲ್ಲಿ ಗಂಡುಮಕ್ಕಳಿಗೂ ಆ ಹೆಸರು ಇಡ್ತಾರೆ."

ನತಾಲಾಂ ಎಂದರೂ ಹುಟ್ಟೇ, ಜಯಂತಿ ಎಂದರೂ ಹುಟ್ಟೇ ಎಂದು ನಾನು ಅಲ್ಲೇ ಗೇಟಿನಲ್ಲಿ ನಿಂತು ಉಪನ್ಯಾಸ ಶುರು ಮಾಡಿದೆ. ನಂದಿತಾ ಕಣ್ಣು ಬಿಟ್ಟಳು. ಆಗ ಎಚ್ಚರವಾಗಿ, "ಬನ್ನಿ ಬನ್ನಿ, ಮೇಲೆ ಬನ್ನಿ," ಎಂದು ಹೊರಗಿನ ಮೆಟ್ಟಿಲಿನ ಕಡೆ ಕೈ ತೋರಿಸಿದೆ.

ಏಲಿಯಮ್ಮ ನಮ್ಮ ತೆರೆದ ಮುಂಬಾಗಿಲನ್ನು ಒಮ್ಮೆ ನೋಡಿದರು. ಆಮೇಲೆ ಮೆಟ್ಟಿಲನ್ನು ನೋಡಿದರು. ಕೊಡೆ ಊರುತ್ತ ಹತ್ತಿದರು.

ಮೇಲೆ ಎಲ್ಲ ಸಿದ್ಧವಾಗಿತ್ತು. ಬಾಡಿಗೆ ಕುರ್ಚಿ, ಕಾಗದದ ತಟ್ಟೆ, ಕಾಗದದ ಲೋಟ, ನೀರಿನ ಕ್ಯಾನು, ಮೂಲೆಯಲ್ಲಿ ಕೈ ತೊಳೆಯಲು ಬೇರೆ ಬಕೆಟ್ಟು. ಅವರು ಒಂದೊಂದನ್ನೇ ನೋಡುತ್ತ ಹೋದರು. ಇವರು 'ನೋಡಿ ನಮ್ಮ ಔದಾರ್ಯ' ಎಂಬ ಮುಖ ಮಾಡಿಕೊಂಡು ಪಾತ್ರೆಯ ಮುಚ್ಚಳ ತೆಗೆದರು. ಬಿರಿಯಾನಿಯ ಘಮ ಪಕ್ಕದ ಮನೆಯ ತೆಂಗಿನ ಮರದವರೆಗೂ ಹೋಗಿರಬೇಕು.

ಜೋಬಿನ್ ಪಾತ್ರೆಯನ್ನು ನೋಡಿ ತಾಯಿಯನ್ನು ನೋಡಿದ. "ಅತ್ತೆ, ಇದು..."

"ನಿಮಗೇ ತರ್ಸಿದ್ದು ಕಣೋ," ಎಂದೆ, ಹೆಮ್ಮೆಯಿಂದ.

"ನನಗೆ ಬೇಡ," ಎಂದರು ಏಲಿಯಮ್ಮ. ಕೂತ ಕುರ್ಚಿಯಿಂದ ಅರ್ಧ ಎದ್ದಿದ್ದರು. "ನನಗೆ ನೋಂಬು."

ಅಲ್ಲಿಗೆ ಜೋಬಿನ್ ಗಡಬಡಿಸುತ್ತ ವಿವರಿಸಿದ. ಯೆಲ್ದೋಗೆ ಮುಂಚೆ ಅವರ ಚರ್ಚಿನವರು ಡಿಸೆಂಬರ್ ಒಂದರಿಂದಲೇ ನೋಂಬು ಹಿಡಿಯುತ್ತಾರೆ. ಮಾಂಸ ಇಲ್ಲ, ಮೀನು ಇಲ್ಲ, ಮೊಟ್ಟೆ ಇಲ್ಲ, ಹಾಲು ಮೊಸರು ಕೂಡ ಇಲ್ಲ. ಹಬ್ಬದ ಬೆಳಿಗ್ಗೆ ಚರ್ಚಿನಿಂದ ಬಂದ ಮೇಲೆಯೇ ಅದು ಮುಗಿಯುವುದು. ಅವನು ಹಿಡಿಯುವುದಿಲ್ಲ, ತಾಯಿ ಒಂದು ವರ್ಷವೂ ಬಿಟ್ಟಿಲ್ಲ. "ನಿಮ್ಮನೇಲಿ ಹೇಗಿದ್ರೂ ವೆಜ್ ಅಲ್ವಾ, ಹೇಳೋದೇ ಬೇಕಾಗಿಲ್ಲ ಅಂದ್ಕೊಂಡೆ ಅತ್ತೆ," ಎಂದ, ಅಳುವ ದನಿಯಲ್ಲಿ.

ನೋಡಿ ನನ್ನ ಪಾಡು! ಹಬ್ಬಕ್ಕೆ ಎಷ್ಟು ಭಾಷೆಯಲ್ಲಿ ಏನೇನು ಹೆಸರು ಎಂದು ಕೇಳಿ, ತಟ್ಟನೆ ಹೇಳುತ್ತೇನೆ. ಆ ಹಬ್ಬದ ಹಿಂದಿನ ದಿನಗಳಲ್ಲಿ ಅವರ ಒಲೆಯ ಮೇಲೆ ಏನು ಇರುತ್ತದೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಹೆಸರು ಗೊತ್ತಿತ್ತು, ಹೊಟ್ಟೆ ಗೊತ್ತಿರಲಿಲ್ಲ.

ಆದರೆ ಏಲಿಯಮ್ಮನವರ ಮುಖ ಗಟ್ಟಿಯಾದದ್ದು ನೋಂಬಿನಿಂದಲ್ಲ. ಅವರು ಕಾಗದದ ಲೋಟವನ್ನು ಬೆರಳಿಂದ ತಿರುಗಿಸುತ್ತ, ಮೆಲ್ಲಗೆ ಕೇಳಿದರು. "ನೀವು ಊಟ ಎಲ್ಲಿ ಮಾಡೋದು ಸಾರ್?"

"ನಾವು ಕೆಳಗೆ," ಎಂದರು ನಮ್ಮ ಸತ್ಯಸಂಧರು.

ನಂದಿತಾ ಕಣ್ಣು ಮುಚ್ಚಿಕೊಂಡಳು. ನನಗೆ ಆಗ ಹೊಳೆಯಿತು. ಹೊರಗಿನ ಮೆಟ್ಟಿಲು, ಬಾಡಿಗೆ ಕುರ್ಚಿ, ಉಂಡು ಬಿಸಾಡುವ ತಟ್ಟೆ, ಬೇರೆ ನೀರು, ಬೇರೆ ಬಕೆಟ್ಟು. ವರ್ಷವಿಡೀ ಆ ಹೆಂಗಸು ಯಾವುದಕ್ಕೆ ಹೆದರಿ ಬಾರದೆ ಇದ್ದರೋ, ಅದನ್ನೇ ನಾವಿಬ್ಬರೂ ಸಭೆಯ ಮೇಲೆ ಸಭೆ ನಡೆಸಿ, ನಕ್ಷತ್ರ ಕಟ್ಟಿ, ಅವರ ಮುಂದೆ ಅಂದವಾಗಿ ಜೋಡಿಸಿಟ್ಟಿದ್ದೆವು. ಏಲಿಯಮ್ಮ ಆಗಲೇ ಕೊಡೆ ತೆಗೆದುಕೊಂಡಿದ್ದರು.

ನಾನು ಯೋಚನೆ ಮಾಡಲಿಲ್ಲ. ಯೋಚನೆ ಮಾಡಿದ್ದರೆ ಐದನೆಯ ಸಭೆ ಆಗುತ್ತಿತ್ತು. ಅವರ ಕೈ ಹಿಡಿದೆ. "ಬನ್ನಿ ಬೀಗರೇ, ಕೆಳಗೆ ಬನ್ನಿ," ಎಂದು ಎಳೆದುಕೊಂಡೇ ಮೆಟ್ಟಿಲಿಳಿದು, ಮುಂಬಾಗಿಲು ದಾಟಿ, ನಡುಮನೆ ದಾಟಿ, ದೇವರ ಮನೆ ದಾಟಿ, ನೇರ ಅಡುಗೆಮನೆಯಲ್ಲಿ ನಿಲ್ಲಿಸಿದೆ. ಅಲ್ಲಿ ನಮ್ಮಿಬ್ಬರಿಗೆಂದು ಬೆಳಿಗ್ಗೆ ಮಾಡಿಟ್ಟದ್ದು ಇತ್ತು. ಜೋಳದ ರೊಟ್ಟಿ, ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ ಪುಡಿ. "ಇದ್ರಲ್ಲಿ ಮಾಂಸ ಇಲ್ಲ, ಮೀನಿಲ್ಲ, ಮೊಟ್ಟೆ ಇಲ್ಲ, ಹಾಲೂ ಇಲ್ಲ," ಎಂದೆ, ಏದುಸಿರು ಬಿಡುತ್ತ. "ನಾವು ವರ್ಷವಿಡೀ ನಿಮ್ಮ ನೋಂಬಿನ ಊಟಾನೇ ಮಾಡೋದು ನೋಡಿ!"

ಅವರು ಮೊದಲ ಸಲ ನನ್ನ ಮುಖವನ್ನು ಸರಿಯಾಗಿ ನೋಡಿದರು. ನಾನು ಸ್ಟೀಲ್ ತಟ್ಟೆ ತೆಗೆದೆ, ನಾವು ದಿನಾ ಉಣ್ಣುವ ತಟ್ಟೆ. ಕೆಳಗೆ ಚಾಪೆ ಹಾಸಲು ಹೋದರೆ, "ಮಂಡಿ ಬಗ್ಗಲ್ಲ," ಎಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತರು. ಹಳೆಯ ಅಭ್ಯಾಸಕ್ಕೆ ರೊಟ್ಟಿಯ ಮೇಲೆ ಬೆಣ್ಣೆ ಹಾಕಲು ಹೋದೆ, ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರು. "ಬೆಣ್ಣೆ ಹಾಲಿಂದಲ್ವಾ?" ಎಂದರು. ಅಲ್ಲಿಗೆ ನನಗೆ ನಗು ಬಂತು, ಅವರಿಗೂ ಬಂತು.

ಎರಡನೆಯ ರೊಟ್ಟಿ ಮುರಿಯುತ್ತ, ಯಾರನ್ನೂ ನೋಡದೆ ಹೇಳಿದರು. ಬೆಂಗಳೂರಿಗೆ ಬಂದ ಹೊಸತರಲ್ಲಿ, ರಾಜಾಜಿನಗರದ ಒಂದು ಮನೆಗೆ ದಿನಾ ಇಂಜೆಕ್ಷನ್ ಕೊಡಲು ಹೋಗುತ್ತಿದ್ದರಂತೆ. ಹಾಸಿಗೆ ಹಿಡಿದ ಒಬ್ಬ ಅಜ್ಜಿ. ಮೈ ಒರೆಸುವುದು, ಹುಣ್ಣು ತೊಳೆಯುವುದು ಎಲ್ಲ ಏಲಿಯಮ್ಮನವರೇ. ಮನೆಯವರು ಒಳ್ಳೆಯವರು, ದಿನಾ ಕಾಫಿ ಕೊಡುತ್ತಿದ್ದರು. "ಕಾಫಿ ಲೋಟ ಮಾತ್ರ ಹೊರಗೆ ಕಿಟಕಿ ಮೇಲೆ ಇರ್ತಿತ್ತು. ಕುಡಿದು, ನಾನೇ ತೊಳೆದು, ಅಲ್ಲೇ ಬೋರಲು ಹಾಕಿ ಬರ್ಬೇಕು. ಅಜ್ಜಿ ಸಾಯೋವಾಗ ನನ್ನ ಕೈನೇ ಹಿಡ್ಕೊಂಡಿದ್ರು. ಅವತ್ತೂ ಲೋಟ ಕಿಟಕಿ ಮೇಲೇ ಇತ್ತು."

ಹೊಸ್ತಿಲ ಹೊರಗೆ ತಟ್ಟೆ ಇಟ್ಟು ನಮ್ಮ ಅಂಗೈಗೆ ಸುರಿಯುತ್ತಿದ್ದ ಅಜ್ಜಿ ನೆನಪಾದಳು. ಎಷ್ಟು ಪ್ರೀತಿಯ ಅಜ್ಜಿ! ಅವಳು ಕಟ್ಟಿದ ಹೆಸರನ್ನು ಹೇಳಿಕೊಂಡು ಎಷ್ಟು ಜನರನ್ನು ನಗಿಸಿದ್ದೇನೆ. ಆ ತಟ್ಟೆಯ ಮಾತನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಅವತ್ತು ಏಲಿಯಮ್ಮನವರಿಗೆ ಹೇಳಿದೆ. ಅವರು ಸುಮ್ಮನೆ ಕೇಳಿಸಿಕೊಂಡು, "ಇನ್ನೊಂದು ರೊಟ್ಟಿ ಕೊಡಿ," ಎಂದರು.

ಇವರು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ, ಎಷ್ಟು ಕೇಳಿಸಿಕೊಂಡರೋ ಗೊತ್ತಿಲ್ಲ. ತಿರುಗಿ ಮೆಟ್ಟಿಲು ಹತ್ತಿದರು. ಮಹಡಿಯಲ್ಲಿ ಜೋಬಿನ್ ಬಿರಿಯಾನಿಯ ಕರ್ತವ್ಯವನ್ನು ತನ್ನ ಕೈಲಾದಷ್ಟು ನಿಭಾಯಿಸುತ್ತಿದ್ದ. ಆದರೂ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಇವರು ಕೆಳಗೆ ಬಂದು ಗಂಭೀರವಾಗಿ, "ಪಂಚಾಕ್ಷರಯ್ಯನವರ ನಾಯಿಗೆ ಕೊಟ್ಟು ಬರ್ಲಾ?" ಎಂದು ಕೇಳಿದರು. ಕೊಟ್ಟೂ ಬಂದರು. ಪಾತ್ರೆ ಸಂಜೆಯೊಳಗೆ ತೊಳೆದು ವಾಪಸು ಬಂತು.

ಹೊರಡುವ ಹೊತ್ತು. ಎಲ್ಲರೂ ಗೇಟಿನ ಹತ್ತಿರ ನಿಂತಿದ್ದೆವು. ನಾನು ಅರಿಶಿನ ಕುಂಕುಮ ಕೊಡಬಹುದೋ ಬಾರದೋ ಎಂದು ತಬ್ಬಿಬ್ಬಾಗಿ, ಅವರಿಗೆಂದೇ ತಂದಿದ್ದ ಸೀರೆಯನ್ನಷ್ಟೇ ಮಡಿಲಿಗೆ ಹಾಕಿದೆ. ಏಲಿಯಮ್ಮ ಸೀರೆಯನ್ನು ಎದೆಗೆ ಒತ್ತಿಕೊಂಡು, ನನ್ನನ್ನು ಬಿಟ್ಟು ಇವರ ಕಡೆ ತಿರುಗಿದರು.

"ಯೆಲ್ದೋ ದಿನ ನೀವು ನಮ್ಮನೆಗೆ ಬರ್ಬೇಕು ಸಾರ್. ನಿಮಗೆ ಅಂತ ತರಕಾರಿ ಅಡುಗೆ ಮಾಡ್ತೀನಿ. ಆದ್ರೆ ಒಂದು ಮಾತು. ಹೊಸ ಪಾತ್ರೆ ತರಲ್ಲ. ಮೀನು ಮಾಡೋ ಪಾತ್ರೇಲೇ, ತೊಳೆದು ಮಾಡೋದು. ನಾವು ಉಣ್ಣೋ ತಟ್ಟೇಲೇ ಬಡಿಸೋದು. ಬರ್ತೀರಾ?"

ನಂದಿತಾ ನನ್ನ ಸೆರಗು ಹಿಡಿದುಕೊಂಡಳು. ಇವರ ಹೊಟ್ಟೆ ಈಗ ಸರಿ ಇಲ್ಲದೆ ಹೋಗುತ್ತದೆ, ಇನ್ನೇನು ಆ ಮಾತು ಬಾಯಿಂದ ಬರುತ್ತದೆ ಎಂದು ನಾನು ಕಾಯುತ್ತಿದ್ದೆ. ಬಂದರೆ ಈ ಹೆಂಗಸು ಇನ್ನು ಜನ್ಮದಲ್ಲಿ ನಮ್ಮ ಗೇಟು ತೆಗೆಯುವುದಿಲ್ಲ ಎಂದು ನನಗೆ ಖಂಡಿತವಾಗಿ ಗೊತ್ತಿತ್ತು.

"ಎಷ್ಟು ಗಂಟೆಗೆ?" ಎಂದರು ಇವರು.

"ಚರ್ಚು ಬೆಳಗಿನ ಜಾವ. ಬಂದು ಅಡುಗೆ ಮಾಡ್ಬೇಕು. ಹತ್ತಕ್ಕೆ ಬನ್ನಿ."

"ಎಂಟಕ್ಕೇ ಬರ್ತೀವಿ. ತರಕಾರಿ ಹೆಚ್ಚೋಕೆ ಜನ ಬೇಕಲ್ಲ."

ಮದುವೆಯಾದಾಗಿನಿಂದ ಈ ಮನುಷ್ಯ ಒಂದು ಈರುಳ್ಳಿ ಸಿಪ್ಪೆ ತೆಗೆದದ್ದನ್ನು ನಾನು ಕಂಡಿಲ್ಲ!

ಕೆಂಗೇರಿಗೆ ಎಂಟಕ್ಕೂ ಮೊದಲೇ ಹೋದೆವು. ಏಲಿಯಮ್ಮನವರ ಪುಟ್ಟ ಅಡುಗೆಮನೆಯಲ್ಲಿ ಇವರು ಪಂಚೆ ಮೇಲೆ ಕಟ್ಟಿಕೊಂಡು ಕೂತು, ಬೀನ್ಸ್ ಅನ್ನು ಒಂದು ಉದ್ದ, ಒಂದು ಗಿಡ್ಡ ಎಂದು ಹೆಚ್ಚಿದರು. ಏಲಿಯಮ್ಮ ನೋಡಿಯೂ ನೋಡದವರಂತೆ ಅದನ್ನೇ ಮಸಿ ಹಿಡಿದ ಹಳೆಯ ಪಾತ್ರೆಗೆ ಹಾಕಿ, ತೆಂಗಿನ ಹಾಲು ಸುರಿದು ಸ್ಟ್ಯೂ ಮಾಡಿದರು. ಬಿಳಿ ಅಪ್ಪಂ ಜೊತೆ ಬಡಿಸಿದರು. ಬಡಿಸಿ ಅಲ್ಲೇ ನಿಂತರು, ಸೌಟು ಕೈಯಲ್ಲೇ ಇತ್ತು. ಜೋಬಿನ್ ತಿನ್ನುವುದನ್ನು ನಿಲ್ಲಿಸಿ ಇವರನ್ನೇ ನೋಡುತ್ತಿದ್ದ. ಇವರು ಅಭ್ಯಾಸದಂತೆ ಕಣ್ಣು ಮುಚ್ಚಿ ಶಿವನನ್ನು ನೆನೆದರು, ಒಂದು ತುತ್ತು ಮುರಿದು ಬಾಯಿಗಿಟ್ಟರು, ಮತ್ತೊಂದು ತುತ್ತು ತಿಂದರು. ಆಮೇಲೆ ತಟ್ಟೆಯನ್ನು ಏಲಿಯಮ್ಮನವರ ಕಡೆ ಸ್ವಲ್ಪ ಮುಂದಕ್ಕೆ ಸರಿಸಿ, "ಇನ್ನೊಂದಿಷ್ಟು ಹಾಕಿ ಬೀಗರೇ," ಎಂದರು.